ಎರಡು ದೀಪಗಳ ಊಟ

ರಸ್ತೆ ಮಲಗಿದ್ದಲ್ಲೇ ಮಗ್ಗುಲು ಬದಲಿಸಿದಂತಿದೆ. ಇಷ್ಟು ಹೊತ್ತು ಸಪಾಟಾಗಿದ್ದ ಡಾಂಬರು ಒಮ್ಮೆಲೇ ಉಬ್ಬುತ್ತದೆ, ನಾಲ್ಕು ಮಾರು ಹೋಗಿ ಕುಸಿಯುತ್ತದೆ, ಮತ್ತೆ ಉಬ್ಬುತ್ತದೆ. ಸ್ಟೇರಿಂಗ್ ಹಿಡಿದ ಅಂಗೈ ಬೆವೆತು ಜಾರುತ್ತಿದೆ. ಈ ದೇಶದಲ್ಲಿ ಗಾಡಿ ಹೋಗಬೇಕಾದದ್ದು ರಸ್ತೆಯ ಬಲಕ್ಕೆ, ಸಮುದ್ರ ಇರುವುದೂ ಬಲಕ್ಕೇ. ತಿರುವಿನಲ್ಲಿ ಹೆಡ್‌ಲೈಟು ಕಬ್ಬಿಣದ ತಡೆಯನ್ನು ಸವರಿಕೊಂಡು ಆಚೆ ಹಾಯುತ್ತದೆ, ಬೀಳಲು ಏನೂ ಸಿಗದೆ ಕತ್ತಲಲ್ಲಿ ಕಳೆದುಹೋಗುತ್ತದೆ. ನೀವು ಗಾಜು ಇಳಿಸುತ್ತೀರಿ. ಕೆಳಗೆಲ್ಲೋ ಅಲೆ ಬಂಡೆಗೆ ಬಡಿಯುವ ಸದ್ದು. ಅದು ಎಷ್ಟು ಆಳದಿಂದ ಬರುತ್ತಿದೆ ಎಂದು ಮನಸ್ಸು ಅಳೆಯಲು ಹೊರಟಾಗ ಗಾಜು ಏರಿಸಿಬಿಡುತ್ತೀರಿ.

ಇದು ದಕ್ಷಿಣ ಇಟಲಿ, ನೇಪಲ್ಸಿಗೂ ಕೆಳಗಿನ ಚಿಲೆಂತೊ ಸೀಮೆ. ಅಶೇಯಾದಿಂದ ಪಿಶೊತ್ತಾಕ್ಕೆ ಹೋಗುವ ದಾರಿಯಲ್ಲಿ ರಿಜ್ಜಿಕೊ ಎಂಬ ಇಳಿಜಾರಿದೆ. ದಶಕಗಳಿಂದ ಅದು ಸಮುದ್ರದ ಕಡೆಗೆ ಜಾರುತ್ತಲೇ ಇದೆ. ಧೊಪ್ಪನೆ ಕುಸಿಯುವ ಗುಡ್ಡವಲ್ಲ. ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ಬೆನ್ನ ಮೇಲಿನ ರಸ್ತೆಯನ್ನೂ ಜೊತೆಗೆ ಕರೆದುಕೊಂಡು ಇಳಿಯುವ ಗುಡ್ಡ. ಅಶೇಯಾದಲ್ಲಿ ಪೆಟ್ರೋಲ್ ಹಾಕಿದ ಹುಡುಗ ಎರಡೇ ಮಾತು ಹೇಳಿದ್ದ: "ನಿಧಾನ ಹೋಗಿ. ನಡುವೆ ನಿಲ್ಲಿಸಬೇಡಿ."

ಟಪ್. ಕಾರಿನ ಹೊಟ್ಟೆಗೆ ಏನೋ ಬಡಿಯುತ್ತದೆ. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ನಿಲ್ಲಿಸಬೇಡಿ. ಕಾಲು ತೆಗೆಯುತ್ತೀರಿ. ಕಾರು ವಾಲುತ್ತದೆ, ಕುಲುಕುತ್ತದೆ, ಏಳುತ್ತದೆ. ಆಮೇಲೆ ಚಕ್ರದ ಸದ್ದು ಒಂದೇ ಸಮನಾಗುತ್ತದೆ. ದಾಟಿದಿರಿ. ಹಿಡಿದಿಟ್ಟ ಉಸಿರು ಹೊರಬಿದ್ದ ಮೇಲೆಯೇ ಗೊತ್ತಾಗುತ್ತದೆ, ಹೊಟ್ಟೆ ಆಗಿನಿಂದ ಹಸಿದು ಕೂತಿದೆ.

ಒಂಬತ್ತೂವರೆ. ಮೇ ತಿಂಗಳ ಕೊನೆ. ಊರಿನ ಚೌಕದಲ್ಲಿ ಕಾರು ಬಿಟ್ಟು ನಡೆಯಬೇಕು. ಅಲ್ಲಿಂದ ಮುಂದಿನ ಓಣಿಗಳೆಲ್ಲ ಹೇರು ಹೊತ್ತ ಕತ್ತೆಯ ಅಗಲಕ್ಕೆ ಅಳೆದು ಕಟ್ಟಿದಂತಿವೆ. ಕಮಾನು, ಮೆಟ್ಟಿಲು, ಮತ್ತೆ ಕಮಾನು. ಹಗಲಿನ ಬಿಸಿಲು ಗೋಡೆಯ ಕಲ್ಲಿನಲ್ಲಿ ಇನ್ನೂ ಬೆಚ್ಚಗಿದೆ, ಕೈಯೂರಿದರೆ ದನದ ಮೈ ಮುಟ್ಟಿದಂತಾಗುತ್ತದೆ. ಮೂಗಿಗೆ ಮೊದಲು ಸಿಗುವುದು ಆಲಿವ್ ಕಟ್ಟಿಗೆಯ ಹೊಗೆ, ಆಮೇಲೆ ಬೆಕ್ಕುಗಳ ಗಂಜಲ, ಆಮೇಲೆ ಯಾರದೋ ಅಂಗಳದ ಮಲ್ಲಿಗೆ. ಮೊಣಕಾಲು ನೋಯತೊಡಗುತ್ತದೆ. ಸಮುದ್ರದಿಂದ ಸುಮಾರು 170 ಮೀಟರ್ ಎತ್ತರದಲ್ಲಿದ್ದೀರಿ. ಇಷ್ಟು ಮೇಲೆ ಹತ್ತಿಸಿ ಮೀನು ಬಡಿಸುವವರು ಯಾರು ಎಂಬ ಪ್ರಶ್ನೆ ಏದುಸಿರಿನ ನಡುವೆ ಬರುತ್ತದೆ.

ಉತ್ತರ ಈ ಮೆಟ್ಟಿಲುಗಳಲ್ಲೇ ಇದೆ. ದಕ್ಷಿಣದ ಪೊಲಿಕಾಸ್ತ್ರೊ ಎಂಬ ಕಡಲತಡಿಯ ಊರಿಗೆ ಸಾರಸೆನ್ನರು ಹಡಗಿನಲ್ಲಿ ಬಂದು ಬೆಂಕಿಯಿಟ್ಟಾಗ ಓಡಿಬಂದವರು ಕಟ್ಟಿದ ಊರಿದು ಎನ್ನುತ್ತಾರೆ ಇಲ್ಲಿನವರು. ಆ ಊರಿನ ಹಳೆಯ ಗ್ರೀಕ್ ಹೆಸರು ಪಿಕ್ಸೂಸ್. ಇದು ಚಿಕ್ಕ ಪಿಕ್ಸೂಸ್, ಅಂದರೆ ಪಿಶೊತ್ತಾ. ಶತಮಾನಗಳು ಕಳೆದರೂ ಭಯ ಕಳೆಯಲಿಲ್ಲ. 16ನೇ ಶತಮಾನದಲ್ಲಿ ನೇಪಲ್ಸನ್ನು ಆಳುತ್ತಿದ್ದ ಸ್ಪೇನಿನ ವೈಸ್‌ರಾಯ್‌ಗಳು ಈ ತೀರದುದ್ದಕ್ಕೂ ಕಾವಲು ಗೋಪುರಗಳನ್ನು ಕಟ್ಟಿಸಿದರು, ದೂರದಲ್ಲಿ ಅಪರಿಚಿತ ಹಾಯಿ ಕಂಡರೆ ಒಂದು ಗೋಪುರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲಿ ಎಂದು. ಸಮುದ್ರಕ್ಕೆ ಹೆದರಿ ಮೇಲೆ ಹತ್ತಿದವರು ಇವರು. ಆದರೆ ಹೊಟ್ಟೆ ಹತ್ತಿ ಬರಲಿಲ್ಲ. ಅದು ಕೆಳಗೇ ಉಳಿಯಿತು. ಹಾಗಾಗಿ ದಿನವೂ ಇಳಿಯಬೇಕು, ದಿನವೂ ಹತ್ತಬೇಕು.

ಬೋರ್ಡಿಲ್ಲದ ಬಾಗಿಲು. ಮಣಿಸರದ ಪರದೆ ಸರಿಸಿ ಒಳಗೆ ಕಾಲಿಟ್ಟೊಡನೆ ಬಿಸಿ ಎಣ್ಣೆಗೆ ಬಿದ್ದ ಬೆಳ್ಳುಳ್ಳಿ ನಿಮ್ಮನ್ನು ಎದುರುಗೊಳ್ಳುತ್ತದೆ. ಅದರ ಹಿಂದೆ ನಿಂಬೆ. ಎಲ್ಲಕ್ಕೂ ಕೆಳಗೆ, ಗೋಡೆಯ ಸುಣ್ಣಕ್ಕೇ ಹಿಡಿದುಹೋದಂಥ ಇನ್ನೊಂದು ವಾಸನೆ: ಉಪ್ಪುಮೀನಿನ ಗಡಿಗೆಯ ಬಾಯಿ ತೆರೆದಾಗ ಬರುವ, ಮೂಗು ಒಮ್ಮೆ ಹಿಂಜರಿದು ಮತ್ತೆ ಮುಂದೆ ಬರುವ ಆ ವಾಸನೆ. ಐದು ಮೇಜುಗಳಿವೆ. ಮೂಲೆಯಲ್ಲಿ ಒಬ್ಬ ಮುದುಕ, ಅವನ ಮುಂದೆ ವೈನಿನ ಹೂಜಿ. ಎದುರಿಗೆ ಸಮುದ್ರದ ಕಡೆ ತೆರೆದ ಒಂದೇ ಕಿಟಕಿ.

ನೀವು ಸಹಜವಾಗಿ ಕಿಟಕಿಯ ಮುಂದಿನ ಕುರ್ಚಿಗೆ ಕೈ ಹಾಕುತ್ತೀರಿ. ಅಡುಗೆಮನೆಯಿಂದ ಬಂದ ಸಿನ್ಯೋರಾ ಅದರ ಬೆನ್ನಿನ ಮೇಲೆ ತಮ್ಮ ಕೈ ಇಡುತ್ತಾರೆ. ಅರವತ್ತು ದಾಟಿದ ಹೆಂಗಸು, ಮೊಣಕೈವರೆಗೆ ಮಡಚಿದ ತೋಳು, ಉಪ್ಪು ತಿಂದು ಬಿರಿದ ಬೆರಳು.

"ಅದಲ್ಲ ಮಗಾ. ಇದು." ಪಕ್ಕದ ಕುರ್ಚಿ ಎಳೆಯುತ್ತಾರೆ.

ಮೆನು ಇಲ್ಲ. ಏನು ಬೇಕು ಎಂದು ಕೇಳುವುದೂ ಇಲ್ಲ. ಕೂತದ್ದೇ ಒಪ್ಪಿಗೆ.

ಮೊದಲ ತಟ್ಟೆ ಬರುತ್ತದೆ, ನಿಮ್ಮ ಧೈರ್ಯ ತಟ್ಟೆಯ ಅಂಚಿನಲ್ಲೇ ನಿಲ್ಲುತ್ತದೆ. ಹಸಿ ಮೀನು. ಕಿರುಬೆರಳಿನಷ್ಟುದ್ದದ ಅಲೀಚಿ, ಅಂದರೆ ಆಂಚೊವಿ, ನಮ್ಮ ಮಂಗಳೂರು ಕಡೆಯ ಬೊಳೆಂಜೀರಿನ ದಾಯಾದಿ. ಮುಳ್ಳು ತೆಗೆದು ಪುಸ್ತಕದ ಹಾಳೆಯಂತೆ ಬಿಡಿಸಿ ಮಲಗಿಸಿದ್ದಾರೆ. ಮೇಲೆ ನಿಂಬೆರಸ, ಆಲಿವ್ ಎಣ್ಣೆ, ಒಂದೆರಡು ಎಸಳು ಸೊಪ್ಪು. ನಿಂಬೆ ಕುಡಿದ ಮಾಂಸ ಅಂಚಿನಲ್ಲಿ ಬೆಂದಂತೆ ಬೆಳ್ಳಗಾಗಿದೆ, ನಡುವೆ ಇನ್ನೂ ಗಾಜಿನಂತೆ ಪಾರದರ್ಶಕ.

ಫೋರ್ಕು ಗಾಳಿಯಲ್ಲೇ ನಿಲ್ಲುತ್ತದೆ, ಏಕೆಂದರೆ ನೀವು ಓದಿದ್ದೀರಿ. ಈ ಮೀನಿನೊಳಗೆ ಅನಿಸಾಕಿಸ್ ಎಂಬ ಹುಳುವಿನ ಮರಿ ಸುರುಳಿ ಸುತ್ತಿಕೊಂಡಿರಬಹುದು. ಅದು ಜೀವಂತ ಒಳಗೆ ಹೋದರೆ ಹೊಟ್ಟೆಯ ಗೋಡೆಯನ್ನೇ ಕೊರೆಯಲು ನೋಡುತ್ತದೆ. ನಿಂಬೆರಸ ಮೀನಿನ ಬಣ್ಣ ಬದಲಿಸುತ್ತದೆಯೇ ಹೊರತು ಹುಳುವನ್ನು ಕೊಲ್ಲುವುದಿಲ್ಲ. ವಿನಿಗರ್ ಕೂಡ ನೆಚ್ಚಿಗೆಯಲ್ಲ. ಕೇಳಬೇಕೇ? ಕೇಳಿದರೆ ಆಕೆಯ ಕೈಯನ್ನು ಅನುಮಾನಿಸಿದಂತೆ. ಕೇಳದಿದ್ದರೆ ಆಸ್ಪತ್ರೆ ಇರುವುದು ಆ ಜಾರುವ ಗುಡ್ಡದಾಚೆ. ಹಸಿವು ಮತ್ತು ಭಯ ಎರಡೂ ಹೊಟ್ಟೆಯ ಒಂದೇ ಜಾಗದಲ್ಲಿ ಕೂತಿವೆ, ಯಾವುದು ಯಾವುದೆಂದು ಬೇರ್ಪಡಿಸಲಾಗುತ್ತಿಲ್ಲ.

ಸಿನ್ಯೋರಾ ನೋಡುತ್ತಲೇ ಇದ್ದಾರೆ. ಮಾತಿಲ್ಲದೆ ಅಡುಗೆಮನೆಗೆ ನಡೆದು ಒಂದು ಸ್ಟೀಲ್ ಕಪಾಟಿನ ಬಾಗಿಲು ತೆರೆಯುತ್ತಾರೆ. ಬೆಳ್ಳನೆಯ ಚಳಿ ಹೊಗೆಯಂತೆ ಇಳಿದು ನೆಲದ ಮೇಲೆ ಹರಡುತ್ತದೆ.

"ಮೈನಸ್ 20," ಅಲ್ಲಿಂದಲೇ ಕೂಗುತ್ತಾರೆ. "ಒಂದು ದಿನ ಪೂರ್ತಿ. ಕಾನೂನು." ಬಾಗಿಲು ಧಡ್ ಎಂದು ಮುಚ್ಚುತ್ತದೆ. "ಈಗ ತಿನ್ನು."

ಮೂಲೆಯ ಮುದುಕ ಹೂಜಿಯ ಹಿಂದೆ ನಗುತ್ತಾನೆ. ನೀವು ತಿನ್ನುತ್ತೀರಿ. ಮೊದಲು ನಿಂಬೆಯ ಚುರುಕು, ಹಿಂದೆಯೇ ಎಣ್ಣೆಯ ನುಣುಪು, ಆಮೇಲೆ ನಾಲಿಗೆಗೆ ಬಂದು ಒರಗುವ ತಂಪಾದ, ಸಿಹಿಯಾದ ಏನೋ. ಅಗಿಯುವಷ್ಟರಲ್ಲಿ ಇಲ್ಲವಾಗಿದೆ. ಎರಡನೆಯದಕ್ಕೆ ಕೈ ಕೇಳದೆ ಹೋಗುತ್ತದೆ.

ತಟ್ಟೆ ಖಾಲಿಯಾದ ಮೇಲೆ ಬರುವುದು ಮಣ್ಣಿನ ಗಡಿಗೆ. ತೆರ್ಜಿನ್ಯೊ ಎನ್ನುತ್ತಾರೆ. ಸಿನ್ಯೋರಾ ಮುಚ್ಚಳ ತೆಗೆದಾಗ ಬಾಗಿಲಲ್ಲಿ ಸಿಕ್ಕ ಆ ವಾಸನೆಯ ತವರು ಇದೇ ಎಂದು ಗೊತ್ತಾಗುತ್ತದೆ. ಒಂದು ಪದರ ಮೀನು, ಒಂದು ಪದರ ಉಪ್ಪು, ಮತ್ತೆ ಮೀನು. ಕೈಹಾಕಿ ನಾಲ್ಕನ್ನು ಎತ್ತಿ, ಉಪ್ಪು ತೊಳೆದು, ಬೆರಳಿನಲ್ಲೇ ಸೀಳಿ, ಗಟ್ಟಿ ಬ್ರೆಡ್ಡಿನ ತುಂಡಿನ ಮೇಲಿಟ್ಟು, ಈ ಗುಡ್ಡದ ಮರಗಳ ಎಣ್ಣೆ ಸುರಿಯುತ್ತಾರೆ.

"ಮೆನಾಯಿಕಾ," ಅನ್ನುತ್ತಾರೆ. ಅರ್ಥವಾಗಲಿಲ್ಲವೆಂದು ನಿಮ್ಮ ಮುಖ ಹೇಳಿರಬೇಕು. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಉಂಗುರ ಮಾಡಿ, ನಿಮ್ಮ ಬೆರಳನ್ನು ಹಿಡಿದು ಅದರೊಳಗೆ ತೂರಿಸುತ್ತಾರೆ. "ಎಳೆ."

ಎಳೆಯುತ್ತೀರಿ. ಉಂಗುರ ಬಿಗಿಯುತ್ತದೆ. ಬಿರಿದ ಚರ್ಮ ನಿಮ್ಮ ಗೆಣ್ಣನ್ನು ಕಚ್ಚುತ್ತದೆ. ಇನ್ನೂ ಎಳೆಯುತ್ತೀರಿ, ಇನ್ನೂ ಬಿಗಿಯುತ್ತದೆ.

"ಹೀಗೆ."

ಮೆನಾಯಿಕಾ ಎಂದರೆ ಆ ಬಲೆ, ಆ ದೋಣಿಗೂ ಅದೇ ಹೆಸರು. ದೊಡ್ಡ ದೀಪ ಹಚ್ಚಿ ಮೀನನ್ನು ಮರುಳು ಮಾಡುವ ಲಾಂಪಾರಾ ಬೇರೆ. ಇಲ್ಲಿ ಬಲೆಯನ್ನು ಕತ್ತಲ ನೀರಿನಲ್ಲಿ ಗೋಡೆಯಂತೆ ಇಳಿಬಿಟ್ಟು ಕಾಯುತ್ತಾರೆ. ಚಿಕ್ಕ ಮೀನು ಕಣ್ಣಿನಲ್ಲಿ ನುಸುಳಿ ಪಾರಾಗುತ್ತದೆ. ದೊಡ್ಡದರ ತಲೆ ಸಿಕ್ಕಿಬೀಳುತ್ತದೆ. ಅದು ಕೊಸರಾಡಿದಷ್ಟೂ ರಕ್ತ ಬಸಿದು ಸಮುದ್ರಕ್ಕೇ ಹೋಗುತ್ತದೆ, ಮಾಂಸ ತಿಳಿಯಾಗುತ್ತದೆ. ಬಲೆಯಿಂದ ಒಂದೊಂದನ್ನೇ ಬಿಡಿಸುತ್ತ ದೋಣಿಯಲ್ಲೇ ತಲೆ, ಕರುಳು ಕಿತ್ತೆಸೆಯುತ್ತಾರೆ. ಮರದ ಪೆಟ್ಟಿಗೆಗೆ ತುಂಬುತ್ತಾರೆ, ಐಸ್ ಇಲ್ಲ. ದಡಕ್ಕೆ ತಂದು ಉಪ್ಪುನೀರಿನಲ್ಲಿ ತೊಳೆದು ಗಡಿಗೆಗೆ ಹಾಕಿದರೆ ಕಡಿಮೆಯೆಂದರೆ ಮೂರು ತಿಂಗಳು ಮುಟ್ಟುವಂತಿಲ್ಲ. ಒಂದು ಕಾಲಕ್ಕೆ ಮೆಡಿಟರೇನಿಯನ್ ತೀರದಲ್ಲಿ ಹಲವೆಡೆ ಇದ್ದ ಕಸುಬು, ಈಗ ಇಲ್ಲಿ ಬೆರಳೆಣಿಕೆಯ ದೋಣಿಗಳಿಗೆ ಇಳಿದಿದೆ. ಸ್ಲೋ ಫುಡ್ ಸಂಸ್ಥೆ ತನ್ನ ರಕ್ಷಣೆಯ ಪಟ್ಟಿಗೆ ಸೇರಿಸಿಕೊಂಡಿರುವುದೂ ಅದಕ್ಕೇ.

ಕಚ್ಚುತ್ತೀರಿ. ಉಪ್ಪು ಮೊದಲು ಕಿವಿಯವರೆಗೆ ಹೊಡೆಯುತ್ತದೆ. ಅದು ಇಳಿದ ಮೇಲೆ ಗುಲಾಬಿ ಬಣ್ಣದ ಆ ಮಾಂಸ ಬೆಣ್ಣೆಯಂತೆ ಕರಗುತ್ತ ಹೋಗುತ್ತದೆ, ಕೊನೆಯಲ್ಲಿ ಹೇಜಲ್‌ನಟ್ಟಿನಂಥ ಒಂದು ಘಮ ಉಳಿಯುತ್ತದೆ. ನಿಮ್ಮ ಗೆಣ್ಣು ಇನ್ನೂ ಚುರುಗುಡುತ್ತಿದೆ. ತಿಂದ ಮೀನಿನ ನೋವನ್ನು ಬೆರಳಿನಲ್ಲಿ ಇಟ್ಟುಕೊಂಡು ಉಣ್ಣುವುದು ನಿಮಗಿದು ಮೊದಲು.

"ಇದು ಹೋದ ವರ್ಷದ್ದು," ಸಿನ್ಯೋರಾ ಗಡಿಗೆ ಮುಚ್ಚುತ್ತಾರೆ. "ಈ ವರ್ಷದ್ದು ಅಲ್ಲಿದೆ." ಗಲ್ಲದಿಂದ ಕಿಟಕಿಯ ಕಡೆ ತೋರಿಸುತ್ತಾರೆ.

ನೋಡುತ್ತೀರಿ. ಆಕಾಶ ಯಾವುದು ನೀರು ಯಾವುದು ತಿಳಿಯದ ಕಪ್ಪಿನಲ್ಲಿ ಎರಡು ಚುಕ್ಕಿ ಬೆಳಕು.

"ಏಪ್ರಿಲಿಂದ ಜುಲೈವರೆಗೆ. ಸಮುದ್ರ ಸುಮ್ಮನಿರುವ ರಾತ್ರಿ ಮಾತ್ರ." ಸ್ವಲ್ಪ ತಡೆದು, "ಎಡಗಡೆಯದು ನನ್ನದು," ಅನ್ನುತ್ತಾರೆ. ದೋಣಿಯೋ, ಮಗನೋ, ಕೇಳುವ ಮೊದಲೇ ಒಳಗೆ ಹೋಗಿದ್ದಾರೆ. ಆ ಖಾಲಿ ಕುರ್ಚಿ ಯಾರದ್ದೆಂದು ಈಗ ತಿಳಿಯುತ್ತದೆ.

ಮುಂದಿನದು ಕೌರಾರೊ, ಈ ಊರಿನ ವಸಂತಕಾಲದ ಪಲ್ಯವೆನ್ನಿ, ಗಟ್ಟಿ ಸಾರೆನ್ನಿ: ಆಲೂಗಡ್ಡೆ, ಹಸಿ ಫಾವಾ ಕಾಳು, ಸೊಪ್ಪು, ಕಾಡು ಬಡೆಸೋಪಿನ ಎಳೆ, ಅವುಗಳ ನಡುವೆ ಕರಗಿಹೋದ ಉಪ್ಪು ಅಲೀಚಿ. ಚಮಚದಲ್ಲಿ ಹೊಲವೇ ಎದ್ದು ಬರುತ್ತದೆ, ಸಮುದ್ರ ಹಿಂದೆ ನಿಂತು ಉಪ್ಪು ಹಾಕುತ್ತದೆ. ಮೇಲೂ ಕೆಳಗೂ ದುಡಿದವರ ಅಡುಗೆ ಇದು. ಬೆವರು ಆರಿದೆ, ಭುಜ ಸಡಿಲಗೊಂಡಿದೆ, ವೈನು ಕಿವಿಯಲ್ಲಿ ಬೆಚ್ಚಗಿದೆ. ಒಳಗೆ ಕುದಿನೀರಿಗೆ ಸ್ಪಾಗೆಟ್ಟಿ ಬೀಳುವ ಸದ್ದು.

"ಎಂಟು ನಿಮಿಷ," ಎಂದು ಕೂಗುತ್ತಾರೆ ಸಿನ್ಯೋರಾ.

ಬಾಗಿಲ ಮಣಿಗಳು ಒಂದಕ್ಕೊಂದು ತಾಕುತ್ತವೆ. ಯಾರೋ ಬಂದರು ಎಂದು ತಿರುಗಿ ನೋಡುತ್ತೀರಿ. ಯಾರೂ ಇಲ್ಲ. ಮತ್ತೆ ತಾಕುತ್ತವೆ, ಈ ಸಲ ಜೋರಾಗಿ. ಕಾಗದದ ಮೇಜುಹಾಸಿನ ತುದಿ ಏಳುತ್ತದೆ. ಓಣಿಯಲ್ಲೆಲ್ಲೋ ಒಂದು ಕಿಟಕಿಯ ಬಾಗಿಲು ಫಟಾರನೆ ಗೋಡೆಗೆ ಬಡಿಯುತ್ತದೆ. ಮುದುಕ ಲೋಟ ಕೆಳಗಿಡುತ್ತಾನೆ.

"ಲಿಬೆಚ್ಚೊ," ಅನ್ನುತ್ತಾನೆ ಮೆಲ್ಲಗೆ. ನೈಋತ್ಯದ ಗಾಳಿ. ಈ ತೀರಕ್ಕೆ ಸಮುದ್ರವನ್ನೇ ಎತ್ತಿ ತರುವ ಗಾಳಿ.

ಸಿನ್ಯೋರಾ ಬಂದಾಗಿದೆ. ಕೈಯಲ್ಲಿ ಮರದ ಸೌಟು ಹಾಗೇ ಇದೆ, ಅದರಿಂದ ನೀರು ತೊಟ್ಟಿಕ್ಕುತ್ತಿದೆ. ಕುರ್ಚಿಯಲ್ಲಿ ಕೂರುತ್ತಾರೆ. ಕಿಟಕಿಯಿಂದ ನುಗ್ಗಿದ ಗಾಳಿ ಉಪ್ಪುಪ್ಪಾಗಿ ನಿಮ್ಮ ತುಟಿಗೂ ಹತ್ತುತ್ತದೆ. ಎರಡು ದೀಪ. ಅಲುಗಾಡುತ್ತಿವೆ. ಒಂದು ಇನ್ನೊಂದರ ಕಡೆ ಸರಿಯುತ್ತದೆ, ಹತ್ತಿರವಾಗುತ್ತದೆ, ಎರಡೂ ಸೇರಿ ಒಂದಾಗುತ್ತವೆ, ಮತ್ತೆ ಬಿಡಿಬಿಡಿ. ಈಗ ಎಡಗಡೆಯದು ಯಾವುದು? ನಿಮಗೆ ತಿಳಿಯದು. ಆಕೆಯ ಮುಖ ನೋಡುತ್ತೀರಿ. ಆಕೆಗೂ ತಿಳಿಯದು.

ಒಂದು ದೀಪ ದಡದ ಕಡೆ ಹೊರಟಿದೆ. ಇನ್ನೊಂದು ಅಲ್ಲೇ ಇದೆ.

"ಬಲೆ ಎಳೆಯುತ್ತಿದ್ದಾರೆ," ಮುದುಕ ಅನ್ನುತ್ತಾನೆ.

"ಕತ್ತರಿಸಲಿ," ಸಿನ್ಯೋರಾ ಕಿಟಕಿಗೆ ಹೇಳುತ್ತಾರೆ. "ಕತ್ತರಿಸು. ಕತ್ತರಿಸು."

ಆದರೆ ನೂರಾರು ಮೀಟರ್ ಬಲೆ ಅದು, ಕಣ್ಣುಕಣ್ಣಿಗೂ ಮೀನು ಸಿಕ್ಕಿಕೊಂಡ ಬಲೆ. ಕತ್ತರಿಸಿದರೆ ಈ ವರ್ಷದ ಗಡಿಗೆ ಖಾಲಿ. ಎಳೆದರೆ ಎಷ್ಟು ಹೊತ್ತು ಹಿಡಿಯುತ್ತದೋ, ಸಮುದ್ರ ಅಷ್ಟು ಹೊತ್ತು ಬಿಡುತ್ತದೋ. ಅಲ್ಲಿ ಕತ್ತಲಲ್ಲಿ ಒಬ್ಬ ಹುಡುಗನ ಅಂಗೈಯಲ್ಲಿ ಹಗ್ಗ ಜಾರುತ್ತಿದೆ. ನಿಮ್ಮ ಅಂಗೈ ಇಲ್ಲಿ ಮತ್ತೆ ಬೆವರುತ್ತಿದೆ.

ದೀಪ ಕದಲುವುದಿಲ್ಲ. ದಕ್ಷಿಣದಲ್ಲಿ ಕತ್ತಲಿಗಿಂತ ಕಪ್ಪಾಗಿ ಚಾಚಿಕೊಂಡಿರುವುದು ಪಲಿನೂರೊ ಭೂಶಿರ. ವರ್ಜಿಲ್‌ನ ಈನಿಡ್ ಕಾವ್ಯದಲ್ಲಿ ಈನಿಯಸನ ಹಡಗು ನಡೆಸಿದವನ ಹೆಸರು ಅದಕ್ಕೆ. ಆ ರಾತ್ರಿಯೂ ಸಮುದ್ರ ಸುಮ್ಮನಿತ್ತು. ನಿದ್ರೆಯ ದೇವರು ಬಂದು ಅವನ ಕಣ್ಣು ಮುಚ್ಚಿಸಿದ, ಅವನು ಚುಕ್ಕಾಣಿ ಸಮೇತ ನೀರಿಗೆ ಬಿದ್ದ, ಈಜಿ ದಡ ಹಿಡಿದವನನ್ನು ದಡದ ಜನ ಕೊಂದರು. ಇನ್ನೊಂದು ಬದಿಗೆ, ಸಂಜೆ ನೀವು ಬಂದ ಅಶೇಯಾದ ಪಕ್ಕದಲ್ಲಿ, ಎಲೆಯಾ ಎಂಬ ಗ್ರೀಕ್ ಊರಿನ ಅವಶೇಷಗಳಿವೆ. ಹಾರುವ ಬಾಣ ಯಾವ ಕ್ಷಣದಲ್ಲಿ ನೋಡಿದರೂ ನಿಂತೇ ಇರುತ್ತದೆ ಎಂದು ವಾದಿಸಿದ ಜೀನೋ ಆ ಊರಿನವನು. ಹಗಲು ಕೇಳಿದ್ದರೆ ನಕ್ಕುಬಿಡುತ್ತಿದ್ದಿರಿ. ಈಗ, ಈ ಕಿಟಕಿಯಲ್ಲಿ, ಅವನ ಮಾತು ಸುಳ್ಳಾಗಲಿ ಎಂದು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೀರಿ.

ಅಡುಗೆಮನೆಯಲ್ಲಿ ಪಾತ್ರೆ ಕುದಿಯುತ್ತಿದೆ. ನೀರು ಉಕ್ಕಿ ಬೆಂಕಿಗೆ ಬಿದ್ದು ಚುಂಯ್ ಎನ್ನುತ್ತದೆ. ಎಂಟು ನಿಮಿಷ ಎಂದೋ ಮುಗಿದಿದೆ. ಎದ್ದು ಹೋಗಿ ಒಲೆ ಆರಿಸಬಹುದು, ನಾಲ್ಕೇ ಹೆಜ್ಜೆ. ನೀವು ಏಳುವುದಿಲ್ಲ. ಎದ್ದರೆ, ಈ ಮನೆಯಲ್ಲಿ ಆ ಒಲೆಯನ್ನು ಬೇರೆಯವರು ಆರಿಸುವ ಹೊತ್ತು ಬಂದಿದೆ ಎಂದು ಒಪ್ಪಿಕೊಂಡಂತಾಗುತ್ತದೆ.

ಮೊದಲ ದೀಪ ಆಲಿವ್ ಗುಡ್ಡದ ಮಗ್ಗುಲಿಗೆ ಮರೆಯಾಗುತ್ತದೆ. ಬಂದರು ಅದರ ಹಿಂದಿದೆ, ಈ ಕಿಟಕಿಗೆ ಕಾಣದು. ಎರಡನೆಯದು ಅಲ್ಲೇ. ಅಲ್ಲೇ. ಒಮ್ಮೆ ಆರುತ್ತದೆ. ಸಿನ್ಯೋರಾರ ಉಸಿರು ನಿಲ್ಲುವುದು ಕೇಳಿಸುತ್ತದೆ. ಮತ್ತೆ ಹೊತ್ತುತ್ತದೆ. ಕದಲಿತೇ? ಕಿಟಕಿಯ ಚೌಕಟ್ಟಿನಲ್ಲೊಂದು ಮೊಳೆ ಇದೆ, ನೀವು ಅದಕ್ಕೆ ಕಣ್ಣಿಟ್ಟು ಅಳೆಯುತ್ತೀರಿ. ದೀಪ ಮೊಳೆಯ ಈಚೆಗಿತ್ತು. ಈಗ ಮೊಳೆಯ ಮೇಲಿದೆ. ಈಗ ಆಚೆಗೆ. ಕದಲಿದೆ. ಬರುತ್ತಿದೆ. ತೂಗುತ್ತ, ಮುಗ್ಗರಿಸುತ್ತ, ಗುಡ್ಡದ ಮಗ್ಗುಲಿನವರೆಗೆ ಬರುತ್ತದೆ, ಅಲ್ಲಿ ಅದೂ ಮರೆಯಾಗುತ್ತದೆ.

ಈಗ ಸಮುದ್ರದಲ್ಲಿ ಬೆಳಕೇ ಇಲ್ಲ. ಬಂದು ಸೇರಿದವರಿಗೂ ಬಾರದೆ ಹೋದವರಿಗೂ ಈ ಕಿಟಕಿ ತೋರಿಸುವುದು ಒಂದೇ ಕತ್ತಲು. ಯಾರೂ ಮಾತಾಡುವುದಿಲ್ಲ. ಸೌಟಿನ ಕೆಳಗೆ ನೀರು ಚಿಕ್ಕ ಹೊಂಡವಾಗಿ ನಿಂತಿದೆ.

ಏಪ್ರನ್ನಿನ ಜೇಬಿನಲ್ಲಿ ಫೋನು ರಿಂಗಾಗುತ್ತದೆ.

ಸಿನ್ಯೋರಾ ಕಿವಿಗೆ ಹಿಡಿಯುತ್ತಾರೆ. ಕೇಳುತ್ತಾರೆ. "ಸರಿ," ಅನ್ನುತ್ತಾರೆ. ಇಷ್ಟು ಹೊತ್ತಿನ ಭಯಕ್ಕೆ ಎರಡಕ್ಷರ. ಫೋನು ಜೇಬಿಗೆ, ಸೌಟು ಕೈಗೆ, ಹೆಜ್ಜೆ ಒಳಗೆ. ಮುದುಕ ತನ್ನ ಹೂಜಿಯಿಂದ ನಿಮ್ಮ ಲೋಟಕ್ಕೆ ಸುರಿಯುತ್ತಾನೆ, ಕೈ ನಡುಗಿ ಅರ್ಧ ಮೇಜಿನ ಮೇಲೆ ಬೀಳುತ್ತದೆ. ಅದು ಅವನ ಕೈಯೋ ನಿಮ್ಮದೋ ಗೊತ್ತಾಗುವುದಿಲ್ಲ.

ಸ್ಪಾಗೆಟ್ಟಿ ಬರುತ್ತದೆ. ಬೆಳ್ಳುಳ್ಳಿ, ಎಣ್ಣೆ, ಅದರಲ್ಲಿ ಕರಗಿದ ಅಲೀಚಿ, ಎಲ್ಲ ಇರಬೇಕಾದಂತೆಯೇ ಇದೆ. ಆದರೆ ಎಳೆಗಳು ಉಬ್ಬಿ, ಒಂದಕ್ಕೊಂದು ಅಂಟಿ, ಅನ್ನದ ಮುದ್ದೆಯಂತಾಗಿವೆ. ಹಲ್ಲಿಗೆ ಸ್ವಲ್ಪ ಎದುರಾಡದ ಪಾಸ್ತಾವನ್ನು ಹಿಂದಕ್ಕೆ ಕಳಿಸುವ ದೇಶವಿದು. ಇದನ್ನು ಚೆಲ್ಲಿ ಬೇರೆ ನೀರಿಡಬಹುದಿತ್ತು. ಆಕೆ ಇಟ್ಟಿಲ್ಲ.

ಮೂರು ತಟ್ಟೆ ತಂದಿದ್ದಾರೆ: ನಿಮಗೊಂದು, ಮುದುಕನಿಗೊಂದು, ತಮಗೊಂದು. ಕಿಟಕಿಯ ಮುಂದಿನ ಕುರ್ಚಿಯನ್ನು ಎತ್ತಿ ಈಚೆಗೆ ತಿರುಗಿಸಿ, ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಒಂದು ತುತ್ತು ಬಾಯಿಗಿಡುತ್ತಾರೆ. ಮುಖ ಸಿಂಡರಿಸುತ್ತದೆ.

"ಬೆಂದು ಹೋಗಿದೆ."

ನೀವು ಫೋರ್ಕಿಗೆ ಇನ್ನೊಂದು ತುತ್ತು ಸುತ್ತಿಕೊಳ್ಳುತ್ತೀರಿ. ಅಗಿಯಬೇಕಾದ್ದೇ ಇಲ್ಲ, ಹಾಗೇ ಇಳಿಯುತ್ತದೆ, ಬಿಸಿಯಾಗಿ, ಉಪ್ಪುಪ್ಪಾಗಿ.

"ಇನ್ನೂ ಸ್ವಲ್ಪ ಹಾಕಿ," ಅನ್ನುತ್ತೀರಿ.